ಬಾಗಿಲ ಕೆಳಗಿನ ತಗಡು

ಹಳೆಯ ಓಪನ್ ಕಾರಿಗೆ ಮರುಜೀವ ಕೊಡಲು ಹೊರಟವರ ಕಣ್ಣು ಮೊದಲು ಹೋಗುವುದು ಬಣ್ಣದ ಮೇಲೆ, ಕ್ರೋಮಿಯಂ ಬಂಪರಿನ ಮೇಲೆ, ಮಡಚುವ ಹುಡ್‌ನ ಮೇಲೆ. ದುಡ್ಡೂ ಅತ್ತಲೇ ಹರಿಯುತ್ತದೆ. ಚಾವಣಿಯಿಲ್ಲದ ಕಾರಿನ ಮಟ್ಟಿಗೆ ಈ ಕ್ರಮ ತಲೆಕೆಳಗು ಎಂಬುದು ನನ್ನ ವಾದ. ಹಣ, ಸಮಯ, ಕಸುಬು ಮೂರರ ದೊಡ್ಡ ಪಾಲು ಸಲ್ಲಬೇಕಾದದ್ದು ಕೆಲಸ ಮುಗಿದ ಮೇಲೆ ಯಾರಿಗೂ ಕಾಣದ ಜಾಗಕ್ಕೆ: ಬಾಗಿಲ ಕೆಳಗೆ ಉದ್ದಕ್ಕೂ ಸಾಗುವ, ಗ್ಯಾರೇಜಿನವರು ಸಿಲ್ ಎನ್ನುವ ತಗಡಿನ ತೊಲೆಗೆ. ಇದಕ್ಕೆ ಎಂಜಿಬಿ ರೋಡ್‌ಸ್ಟರ್‌ಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಿಂದ 1962ರಿಂದ 1980ರವರೆಗೆ ಹೊರಬಂದ ಈ ಮಾದರಿ, ಚಾವಣಿಯಿದ್ದ ಜಿಟಿಯೂ ಸೇರಿ, ಐದು ಲಕ್ಷ ದಾಟಿತು. ಹಾಗಾಗಿಯೇ ಇಂದಿಗೂ ಎಷ್ಟೋ ಶೆಡ್ಡುಗಳಲ್ಲಿ ಅದು ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ನಿಂತಿರುತ್ತದೆ.

ಅದಕ್ಕೂ ಹಿಂದಿನ ಎಂಜಿಎ ಕಾರಿಗೆ ಬೇರೆಯೇ ಚಾಸಿ ಇತ್ತು, ಬಾಡಿ ಅದರ ಮೇಲೆ ಕೂತಿತ್ತು. ಎಂಜಿಬಿಯಲ್ಲಿ ಚಾಸಿಯೂ ಬಾಡಿಯೂ ಒಂದೇ. ಚಾವಣಿಯಿದ್ದರೆ ಒಂದಷ್ಟು ಭಾರವನ್ನು ಮೇಲಿನ ಕಂಬಗಳು ಹೊರುತ್ತವೆ. ಅದಿಲ್ಲದಿದ್ದರೆ ಕಾರಿನ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಡುವುದು ನೆಲದ ತಗಡು, ಶಾಫ್ಟು ಹಾದುಹೋಗುವ ನಡುವಿನ ಸುರಂಗ, ಮತ್ತು ಎರಡು ಪಕ್ಕದ ಸಿಲ್‌ಗಳು ಮಾತ್ರ. ಅದರಲ್ಲೂ ಹೆಚ್ಚಿನ ಹೊರೆ ಸಿಲ್‌ಗಳದು. ಹೊರಗೊಂದು ತಗಡು, ಒಳಗೊಂದು, ನಡುವೆ ನೆಟ್ಟಗೆ ನಿಂತ ಮತ್ತೊಂದು, ಅಡಿಯಲ್ಲಿ ಕೋಟೆಯ ತೆನೆಗಳಂತೆ ಮಡಿಸಿದ ಪಟ್ಟಿ: ಇವೆಲ್ಲ ಬೆಸೆದಾಗಲೇ ಅದಕ್ಕೆ ತೊಲೆಯ ಬಲ. ಮುಂದಿನ ಚಕ್ರ ಚಿಮ್ಮಿಸಿದ ಕೆಸರು ಮಡ್‌ಗಾರ್ಡಿನ ಹಿಂದೆ ಸೇರಿ ತಿಂಗಳುಗಟ್ಟಲೆ ಹಸಿಯಾಗಿಯೇ ಉಳಿದು ಸಿಲ್‌ನ ತುದಿಯನ್ನು ತಿನ್ನುತ್ತದೆ. ಹುಡ್‌ನ ಸಂದಿಯಿಂದ ಇಳಿದ ಮಳೆನೀರು ಕಾರ್ಪೆಟ್ಟಿನಡಿ ನಿಂತು ನೆಲವನ್ನು ಮೇಲಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಗುಳ್ಳೆ ಎದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ತಗಡು ಎಂದೋ ಪುಡಿಯಾಗಿರುತ್ತದೆ.

ರಿಪೇರಿಯ ಕ್ರಮವೂ ಇಲ್ಲಿಂದಲೇ ಹುಟ್ಟುತ್ತದೆ. ಸಿಲ್ ಕತ್ತರಿಸುವ ಮುಂಚೆ ಬಾಗಿಲ ತೆರಪಿಗೆ ಅಡ್ಡಲಾಗಿ ಕಬ್ಬಿಣದ ಪೈಪು ಬೆಸೆದು ಬಾಡಿಯನ್ನು ಬಿಗಿಯಬೇಕು. ಒಂದು ಪಕ್ಕ ಪೂರ್ತಿ ಮುಗಿಯುವತನಕ ಇನ್ನೊಂದನ್ನು ಮುಟ್ಟಬಾರದು. ಆಸರೆಯಿಲ್ಲದೆ ಜಾಕಿಯ ಮೇಲೆ ನಿಲ್ಲಿಸಿ ಕತ್ತರಿಸಿದರೆ ಕಾರು ನಡುವಿನಲ್ಲಿ ಬಾಗುತ್ತದೆ, ಹೊಸ ತಗಡು ಆ ಬಾಗನ್ನೇ ಶಾಶ್ವತ ಮಾಡುತ್ತದೆ. ಬೆಸುಗೆ ಪಕ್ಕಾ ಮಾಡುವ ಮುನ್ನ ಬಾಗಿಲನ್ನು ತೂಗುಹಾಕಿ ಮುಚ್ಚಿ ನೋಡುವುದು ಅದಕ್ಕಾಗಿಯೇ. ಬಾಗಿಲ ಸುತ್ತಲಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಬಾಡಿ ಕುಸಿದಿದೆ ಎಂದೇ ತಿಳಿಯಬೇಕು. ಯಾವ ಬಣ್ಣವೂ ಅದನ್ನು ಮುಚ್ಚಲಾರದು. ಹಳೆ ಕಾರು ಕೊಳ್ಳುವವರು ಬಾನೆಟ್ ಎತ್ತುವ ಮೊದಲು ಈ ಸಂದನ್ನು ನೋಡಲಿ. ಎಂಜಿನ್ನಿನ ಚಿಂತೆ ಆಮೇಲೆ. ಎಂಜಿಬಿಯ 1798 ಸಿಸಿ ಎಂಜಿನ್ ಬಿ-ಸೀರೀಸ್ ಕುಲದ್ದು, ನಮ್ಮ ಅಂಬಾಸಡರ್‌ನಲ್ಲಿ ದಶಕಗಳ ಕಾಲ ಓಡಿದ 1489 ಸಿಸಿ ಎಂಜಿನ್ನಿನ ಹತ್ತಿರದ ನೆಂಟ. ಅದನ್ನು ಬಿಚ್ಚಿ ಜೋಡಿಸುವುದು ನಮ್ಮ ಹಳೆಯ ಮೆಕ್ಯಾನಿಕ್‌ಗಳಿಗೆ ನೀರು ಕುಡಿದಷ್ಟು ಸುಲಭ.

ವಾರಕ್ಕೊಮ್ಮೆ ಹೊರಬರುವ ಕಾರಿಗೆ ಇಷ್ಟೆಲ್ಲ ಯಾಕೆ, ತುಕ್ಕಿನ ಮೇಲೊಂದು ಹೊಸ ತಗಡು ಹೊದಿಸಿ, ಪುಟ್ಟಿ ಬಳಿದು, ಬಣ್ಣ ಹೊಡೆದರೆ ಸಾಲದೇ ಎನ್ನುವವರಿದ್ದಾರೆ. ಸಾಲದು. ಹೊದಿಕೆ ತಗಡು ತೇವವನ್ನು ಒಳಗೇ ಕೂಡಿಹಾಕುತ್ತದೆ, ಕೊಳೆತ ಒಳತಗಡಿಗೆ ಅದು ಯಾವ ಬಲವನ್ನೂ ಕೊಡುವುದಿಲ್ಲ. ಅಪಘಾತವಾದರೆ ಆ ಕಾರಿನಲ್ಲಿ ಕೂತವರ ತಲೆಯ ಮೇಲೆ ಚಾವಣಿಯೂ ಇರುವುದಿಲ್ಲ. ಬ್ರಿಟನ್ನಿನಲ್ಲಿ 2018ರಿಂದ, 40 ವರ್ಷ ದಾಟಿದ, ಹೆಚ್ಚು ಮಾರ್ಪಡದ ಕಾರುಗಳಿಗೆ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ತಪಾಸಣೆ ಮಾಡುವವನ ಕಣ್ಣು ತಪ್ಪಿದಲ್ಲಿ ಹೊಣೆ ಪೂರ್ತಿಯಾಗಿ ಮಾಲೀಕನ ಮೇಲೆ, ಟಿಂಕರಿಂಗ್ ಮಾಡುವವನ ಪ್ರಾಮಾಣಿಕತೆಯ ಮೇಲೆ ಬೀಳುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ. 1988ರಲ್ಲಿ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳನ್ನೇ ಬಳಸಿ ಎಂಜಿಬಿಯ ಹೊಸ ಬಾಡಿಯನ್ನು ಮಾರುಕಟ್ಟೆಗೆ ತಂದಿತು. ಬಲವೇ ಮುಖ್ಯವಾದರೆ ಹಳೆ ತಗಡಿನ ಜೊತೆ ಗುದ್ದಾಡುವ ಬದಲು ಅದನ್ನೇ ತರಿಸಬಾರದೇಕೆ? ನೆಲ, ಸಿಲ್, ಸ್ಪ್ರಿಂಗ್ ಕೂರುವ ಜಾಗ ಎಲ್ಲ ಹೋಗಿದ್ದರೆ ಖಂಡಿತ ತರಿಸಬೇಕು. ಆದರೆ ಅಷ್ಟು ಕೆಡದ ಕಾರಿಗೆ ಹೊಸ ಬಾಡಿ ಹಾಕುವುದೆಂದರೆ ಹಳೆಯ ಕಾರನ್ನೇ ಗುಜರಿಗೆ ಹಾಕಿದಂತೆ. ತೀರಾ ಬದಲಾದ ವಾಹನದ ಹಳೆ ನಂಬರ್ ಉಳಿಸಬೇಕೇ ಎಂದು ತೂಗಲು ಬ್ರಿಟನ್ನಿನ ನೋಂದಣಿ ಇಲಾಖೆ ಬಹುಕಾಲ ಬಳಸಿದ ಲೆಕ್ಕದಲ್ಲಿ ಬಾಡಿಗೆ 5 ಅಂಕ, ಎಂಜಿನ್ನಿಗೆ ಕೇವಲ 1. ಕಾರಿನ ಗುರುತು ಎಲ್ಲಿದೆ ಎಂಬುದನ್ನು ಆ ಇಲಾಖೆ ಸರಿಯಾಗಿಯೇ ಕಂಡುಕೊಂಡಿತ್ತು. ಆದ್ದರಿಂದ ಸತ್ತ ತಗಡನ್ನಷ್ಟೇ ಕತ್ತರಿಸಿ, ಅದೇ ದಪ್ಪ ಅದೇ ಮಡಿಕೆಯ ತಗಡನ್ನು ಅದೇ ಜಾಗದಲ್ಲಿ ಬೆಸೆಯುವುದೇ ನನಗೆ ಒಪ್ಪಿಗೆಯಾದ ದಾರಿ. ಕಾರಿನ ಬೆಲೆಗಿಂತ ಖರ್ಚು ಹೆಚ್ಚಾಗುತ್ತದೆ ಎಂಬ ದೂರು ನಿಜ. ಲಾಭ ನೋಡುವವರು ಈ ಕೆಲಸಕ್ಕೆ ಇಳಿಯಬಾರದು.

ನಮ್ಮ ದೇಶದಲ್ಲಿ ಈ ದಾರಿಗೆ ಕಾನೂನಿನ ಕಾರಣವೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ 50 ವರ್ಷ ದಾಟಿದ ವಾಹನ ‘ವಿಎ’ ಸರಣಿಯ ನಂಬರ್ ಪಡೆಯಬೇಕಾದರೆ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ಮಾರ್ಪಟ್ಟಿರಬಾರದು. ಇದ್ದ ಹಾಗೆಯೇ ಸರಿಪಡಿಸುವುದನ್ನು ಮಾರ್ಪಾಡು ಎನ್ನಲಾಗದು, ಆದರೆ ಹಾಗೆಯೇ ಸರಿಪಡಿಸಿದ್ದೇವೆಂದು ತೋರಿಸುವುದು ಹೇಗೆ? ಸಿಲ್ ಒಮ್ಮೆ ಮುಚ್ಚಿದರೆ ಒಳಗೇನಿದೆಯೆಂದು ಯಾರೂ ಹೇಳಲಾರರು. ಹೊರತಗಡು ಬೆಸೆಯುವ ಮುನ್ನ ಒಳಗಿನ ಪ್ರತಿ ಹಂತದ ಫೋಟೊ ತೆಗೆದು, ಅಳತೆ ಬರೆದು, ಆರ್‌ಸಿ ಪುಸ್ತಕದ ಜೊತೆಗೇ ಇಡಬೇಕು. ಕಾರು ಕೈ ಬದಲಾಯಿಸಿದಾಗ ಕೀಲಿಯೊಂದಿಗೆ ಆ ಕಾಗದಗಳೂ ಮುಂದಿನವರಿಗೆ ಹೋಗಬೇಕು.