ಅರವತ್ತು ಎಣಿಸುವವರೆಗೆ

ಹೊತ್ತಿದ ಬಾಣಕ್ಕಿಂತ ಹೊತ್ತದ ಬಾಣಕ್ಕೆ ಹೆಚ್ಚು ಅಂಜಬೇಕೆಂದು ದೀಪಾವಳಿಯ ದಿನ ಹಿರಿಯರು ಮಕ್ಕಳಿಗೆ ಹೇಳುವುದುಂಟು. ಹೊತ್ತಿದುದು ತನ್ನ ದಾರಿ ಹಿಡಿದು ಹೋಗುತ್ತದೆ. ಹೊತ್ತದೆ ಸುಮ್ಮನೆ ಕುಳಿತುದರ ಒಳಗೆ ಏನಿದೆಯೋ ಬಲ್ಲವರಾರು? ಆದರೆ ಹೇಳುವವರಿಗಿರುವ ತಾಳ್ಮೆ ಕೇಳುವವರಿಗಿರುವುದಿಲ್ಲ. ಹೊಸನಗರದ ಕಡೆಯ ಒಂದು ಹಳ್ಳಿಯಲ್ಲಿ, ಬಹಳ ವರ್ಷಗಳ ಹಿಂದೆ, ಹನ್ನೊಂದು ವಯಸ್ಸಿನ ಹುಡುಗನೊಬ್ಬನಿಗೂ ಇರಲಿಲ್ಲ. ಆ ಹುಡುಗನು ಮುಂದೆ ಓದಿ, ಮೇಷ್ಟರಾಗಿ, ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಕಲಿಸಿ ನಿವೃತ್ತರಾದರು. ಅಷ್ಟು ಕಾಲವೂ ಅವರ ಎಡಗೈ ಕೋಟಿನ ಜೇಬಿನಲ್ಲೋ ಶಾಲಿನ ಮರೆಯಲ್ಲೋ ಇರುತ್ತಿತ್ತು. ಅದರಲ್ಲಿ ಎರಡು ಬೆರಳುಗಳಿರಲಿಲ್ಲ. ಏಕೆಂದು ಶಿಷ್ಯರು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಚೆಗೆ ಒಂದು ಬೇಸಗೆಯಲ್ಲಿ ಮೇಷ್ಟರು ಅಮೆರಿಕದ ನೆಬ್ರಾಸ್ಕ ಸಂಸ್ಥಾನದಲ್ಲಿ ನೆಲೆಸಿರುವ ತಮ್ಮನ ಮನೆಗೆ ಹೋಗಿ ಮೂರು ತಿಂಗಳಿದ್ದರು. ತಮ್ಮನೂ ಅವನ ಹೆಂಡತಿಯೂ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಟರೆ ಮನೆಯಲ್ಲಿ ಉಳಿಯುವವರು ಇಬ್ಬರೇ: ಮೇಷ್ಟರು, ಮತ್ತು ಶಾಲೆಗೆ ರಜವಾದ ತಮ್ಮನ ಮಗ. ಹೊರಗೆ ಎತ್ತ ನೋಡಿದರೂ ಮುಸುಕಿನ ಜೋಳದ ಹೊಲ, ಅದರ ಮೇಲೆ ಬೋಗುಣಿ ಮಗುಚಿದಂತಹ ಆಕಾಶ. ಅಡಕೆಯ ತೋಟದ ನೆರಳಿನಲ್ಲಿ ಬೆಳೆದ ಕಣ್ಣಿಗೆ ಆ ಬಯಲು ಮೊದಮೊದಲು ಬೇಸರವನ್ನೇ ತಂದಿತು. ಹುಡುಗನಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು. ಆಡುವುದಕ್ಕೆ ಮಾತ್ರ ನಾಚಿಕೆ. ಹೀಗಾಗಿ ಹಗಲು ಉದ್ದವಾಗಿಯೂ ಮಾತು ಗಿಡ್ಡವಾಗಿಯೂ ಇದ್ದುವು.

ಅಂಥ ಒಂದು ದಿನ ಅಂಚೆಯಲ್ಲಿ ಹುಡುಗನ ಹೆಸರಿಗೆ ಒಂದು ರಟ್ಟಿನ ಪೆಟ್ಟಿಗೆ ಬಂದಿತು. ಒಳಗೆ ಗಟ್ಟಿ ಕಾಗದದ ಒಂದು ಕೊಳವೆ, ಬಾಲ್ಸಾ ಮರದ ತೆಳು ಹಲಗೆ, ಮೊನೆಯಾದ ಒಂದು ತಲೆ, ರಬ್ಬರಿನ ಪಟ್ಟಿ, ದಾರ ಕಟ್ಟಬೇಕಾದ ಒಂದು ಪುಟ್ಟ ಪ್ಯಾರಾಷೂಟು. ಬೇರೊಂದು ಪೊಟ್ಟಣದಲ್ಲಿ ಬೆರಳುದ್ದದ ಮೂರು ಕಾಗದದ ಉರುಳೆಗಳು. ಮೇಷ್ಟರು ಒಂದನ್ನು ಎತ್ತಿ ಮೂಸಿ ನೋಡಿದರು. ಮುಖ ಬಿಗಿಯಿತು.

“ಇದು ಕರಿಮದ್ದು. ಈ ಆಟ ಬೇಡ, ಮಗು.”

ಹುಡುಗನು ಎದುರಾಡಲಿಲ್ಲ, ಪೆಟ್ಟಿಗೆಯನ್ನು ಮುಚ್ಚಿ ತನ್ನ ಕೋಣೆಗೆ ಹೋದನು. ಸಂಜೆ ತಮ್ಮನು ಸಂಗತಿಯನ್ನು ತಿಳಿದು, “ಅಣ್ಣ, ನೀನು ಇದನ್ನು ಒಮ್ಮೆ ಓದು. ಓದಿದ ಮೇಲೂ ಬೇಡವೆಂದರೆ ನಾನೇ ಹಿಂದಕ್ಕೆ ಕಳುಹಿಸುತ್ತೇನೆ” ಎಂದು ಸೂಚನೆಯ ಹಾಳೆಗಳನ್ನೂ ಆ ಆಟದ ಚರಿತ್ರೆಯ ಒಂದು ಪುಸ್ತಕವನ್ನೂ ಅವರ ಮುಂದಿಟ್ಟನು. ಓದು ಎಂದರೆ ಒಲ್ಲೆನೆನ್ನುವ ಜಾತಿಯವರಲ್ಲ ಮೇಷ್ಟರು.

ಆ ರಾತ್ರಿ ಅವರು ಓದಿದುದು ಆ ಸಂಸ್ಥಾನದಲ್ಲೇ ಹುಟ್ಟಿದ ಕಥೆ. ನೆಬ್ರಾಸ್ಕದ ನಾರ್ಫೋಕ್ ಎಂಬ ಊರಿನಲ್ಲಿ ಆರ್ವಿಲ್ ಕಾರ್ಲೈಲ್ ಎಂಬಾತನು ಪಾದರಕ್ಷೆಯ ಅಂಗಡಿಯನ್ನಿಟ್ಟುಕೊಂಡಿದ್ದನು. ಅವನಿಗೆ ಬಾಣಬಿರುಸುಗಳ ವಿದ್ಯೆಯಲ್ಲಿ ಆಸಕ್ತಿ. ಅವನ ಸಹೋದರ ರಾಬರ್ಟನಿಗೆ ಆಟಿಕೆಯ ವಿಮಾನಗಳಲ್ಲಿ. ಸಹೋದರನ ಉಪನ್ಯಾಸಗಳಲ್ಲಿ ಸಭಿಕರಿಗೆ ತೋರಿಸುವುದಕ್ಕಾಗಿ ಆರ್ವಿಲನು 1954ರಲ್ಲಿ ಒಂದು ಸಣ್ಣ ರಾಕೆಟ್ಟನ್ನು ಮಾಡಿದನು. ಒಡಲು ಕಾಗದ, ರೆಕ್ಕೆ ಹಗುರಾದ ಮರ. ಬಳಸಿ ತೀರಿದ ಉರುಳೆಯನ್ನು ತೆಗೆದು ಹೊಸದನ್ನು ಇಡಬಹುದು. ಮೇಲಕ್ಕೆ ಹೋದುದು ಪ್ಯಾರಾಷೂಟನ್ನು ಬಿಚ್ಚಿ ತಾನೇ ಕೆಳಗಿಳಿಯುತ್ತದೆ. ಆ ಕಾಲದಲ್ಲಿ ಅಮೆರಿಕದ ಎಷ್ಟೋ ಮಂದಿ ಹುಡುಗರು ಲೋಹದ ಕೊಳವೆಗಳಲ್ಲಿ ತಾವೇ ಮದ್ದನ್ನು ತುಂಬಿ ರಾಕೆಟ್ಟು ಹಾರಿಸಲು ಹೋಗಿ ಬೆರಳನ್ನೋ ಕಣ್ಣನ್ನೋ ಕಳೆದುಕೊಳ್ಳುತ್ತಿದ್ದರು. ಕೆಲವರು ಪ್ರಾಣವನ್ನೇ ನೀಗಿದರು. ಹ್ಯಾರಿ ಸ್ಟೈನ್ ಎಂಬ ರಾಕೆಟ್ ಎಂಜಿನಿಯರನು 1957ರಲ್ಲಿ ಈ ಅಪಾಯವನ್ನು ಕುರಿತು ಒಂದು ಪತ್ರಿಕೆಯಲ್ಲಿ ಬರೆದುದನ್ನು ಓದಿ ಕಾರ್ಲೈಲನು ತನ್ನ ರಾಕೆಟ್ಟುಗಳನ್ನು ಅವನಿಗೆ ಕಳುಹಿಸಿಕೊಟ್ಟನು. ಅದೇ ವರ್ಷ ಅಕ್ಟೋಬರ್ 4ರಂದು ರಷ್ಯದವರ ಸ್ಪುಟ್ನಿಕ್ ಆಕಾಶವನ್ನೇರಿತು. ಹುಡುಗರ ಉತ್ಸಾಹ ಇಮ್ಮಡಿಯಾಯಿತು. ಅದನ್ನು ತಡೆಯುವುದು ಯಾರಿಂದಲೂ ಆಗದ ಮಾತು. ಸ್ಟೈನನು ಕಂಡುಕೊಂಡ ದಾರಿ ಬೇರೆ: ಮದ್ದನ್ನು ತುಂಬುವ ಕೆಲಸ ಕಾರ್ಖಾನೆಯದಾಗಲಿ, ಉಳಿದುದೆಲ್ಲ ಹುಡುಗರದಾಗಲಿ. ಆ ವರ್ಷವೇ ಈ ಹವ್ಯಾಸದ ರಾಷ್ಟ್ರೀಯ ಸಂಘವೊಂದನ್ನು ಅವನು ಸ್ಥಾಪಿಸಿದನು. ಆ ಸಂಘದ ನಿಯಮಾವಳಿಯೂ ಹಾಳೆಗಳ ಜೊತೆಗಿತ್ತು. ಹತ್ತಿಸುವುದು ವಿದ್ಯುತ್ತಿನಿಂದ, ದೂರದಲ್ಲಿ ನಿಂತು. ಇಂಥ ಸಣ್ಣ ಉರುಳೆಗೆ ಕನಿಷ್ಠ 15 ಅಡಿ. ಹಾರಿಸುವ ಮುನ್ನ ಐದರಿಂದ ಹಿಂದಕ್ಕೆ ಗಟ್ಟಿಯಾಗಿ ಎಣಿಸಬೇಕು. ಹೊತ್ತದೆ ಹೋದರೆ ಬೀಗದ ಕೀಲಿಯನ್ನು ತೆಗೆದು, 60 ಸೆಕೆಂಡು ಕಳೆಯುವವರೆಗೆ ಯಾರೂ ಹತ್ತಿರ ಹೋಗಕೂಡದು.

ಈ ಕೊನೆಯ ಸಾಲನ್ನು ಮೇಷ್ಟರು ಮತ್ತೊಮ್ಮೆ ಓದಿದರು. ಬೆಳಿಗ್ಗೆ ಎದ್ದು, “ಪೆಟ್ಟಿಗೆ ತೆಗೆದುಕೊಂಡು ಬಾ” ಎಂದರು.

ಕೆಲಸವು ಆರು ದಿನ ನಡೆಯಿತು. ನಮೂನೆಯ ಕಾಗದವನ್ನಿಟ್ಟು ಬಾಲ್ಸಾ ಹಲಗೆಯಿಂದ ಮೂರು ರೆಕ್ಕೆಗಳನ್ನು ಕೊಯ್ಯಬೇಕು. ಹುಡುಗನು ಆತುರದಲ್ಲಿ ಮೊದಲನೆಯದನ್ನು ಅಡ್ಡಕ್ಕೆ ಕೊಯ್ದನು. ಬೆರಳಿನಿಂದ ಮೆಲ್ಲಗೆ ಬಾಗಿಸಿದೊಡನೆ ಅದು ಲಟಕ್ಕೆಂದು ಮುರಿಯಿತು. ಮರದ ಎಳೆಯು ರೆಕ್ಕೆಯ ಮುಂದಿನ ಅಂಚಿನುದ್ದಕ್ಕೂ ಹೋಗಬೇಕು, ಆಗಲೇ ಅದಕ್ಕೆ ಬಲ. ಅಡಕೆಯ ಮರವನ್ನು ಸೀಳಿ ದಬ್ಬೆ ಮಾಡುವವನು ಎಳೆ ಹೋದತ್ತ ಕತ್ತಿಯನ್ನು ಬಿಡುತ್ತಾನೆಯೇ ಹೊರತು ಎಳೆಯೊಡನೆ ಜಗಳಕ್ಕೆ ಹೋಗುವುದಿಲ್ಲವೆಂದು ಮೇಷ್ಟರು ತಿಳಿಸಿದರು. ದಬ್ಬೆ ಎಂದರೇನು ಎಂದು ಹುಡುಗನು ಕೇಳಿದನು. ಅದನ್ನು ಹೇಳಬೇಕಾದರೆ ತೋಟವನ್ನು ಹೇಳಬೇಕು. ತೋಟವನ್ನು ಹೇಳಬೇಕಾದರೆ ಹಳ್ಳವನ್ನು, ಮಳೆಯನ್ನು. ಒಂದು ರೆಕ್ಕೆ ಮುರಿದುದರಿಂದ ಒಂದು ಮಧ್ಯಾಹ್ನವೆಲ್ಲ ಮಾತು ಬೆಳೆಯಿತು.

ದುಂಡಗಿನ ಕೊಳವೆಯ ಮೇಲೆ ನೆಟ್ಟಗೆ ಗೆರೆಯೆಳೆಯುವುದು ತೋರುವಷ್ಟು ಸುಲಭವಲ್ಲ. ಬಾಗಿಲ ಚೌಕಟ್ಟಿನ ಮೂಲೆಗೆ ಕೊಳವೆಯನ್ನು ಒತ್ತಿಟ್ಟು ಅದರ ಅಂಚಿನಗುಂಟ ಪೆನ್ಸಿಲನ್ನು ನಡೆಸಿದರೆ ಗೆರೆ ತಾನಾಗಿ ನೆಟ್ಟಗಾಗುತ್ತದೆ. ಅಂಟನ್ನು ಒಮ್ಮೆ ತೆಳುವಾಗಿ ಹಚ್ಚಿ, ಅದು ಆರಿದ ಮೇಲೆ ಮತ್ತೊಮ್ಮೆ ಹಚ್ಚಿ ರೆಕ್ಕೆಯನ್ನು ಹಿಡಿದು ಕೂರಬೇಕು. ಪ್ಯಾರಾಷೂಟನ್ನು ಮಡಿಸುವ ಮುನ್ನ ಅದರ ಪದರಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಬೇಕು. ಕಿಡಿ ತಾಗಿ ಕರಗದಂತೆ ಅದರ ಕೆಳಗೆ ಬೆಂಕಿ ಹಿಡಿಯದ ಕಾಗದವನ್ನು ತುರುಕಬೇಕು. ಇಷ್ಟರಲ್ಲಿ ಯಾವ ಕೆಲಸಕ್ಕೂ ಎರಡು ಕೈ ಸಾಲದು. ಮೇಷ್ಟರ ಎಡಗೈ ಎರಡನೆಯ ದಿನವೇ ಶಾಲಿನಿಂದ ಹೊರಗೆ ಬಂದಿತ್ತು. ಉಳಿದ ಮೂರು ಬೆರಳುಗಳಿಂದ ಅದು ಕೊಳವೆಯನ್ನು ಹಿಡಿಯುತ್ತಿತ್ತು. ಹುಡುಗನು ನೋಡಿದನು, ಕೇಳಲಿಲ್ಲ.

ಆ ಬೆರಳುದ್ದದ ಉರುಳೆಯೊಳಗಿನ ಏರ್ಪಾಡನ್ನು ಮೇಷ್ಟರು ಶಾಲೆಯ ಪಾಠದಂತೆ ಚಿತ್ರ ಬರೆದು ವಿವರಿಸಿದರು. ತಳದಲ್ಲಿ ಜೇಡಿಯ ಸಣ್ಣ ಬಾಯಿ. ಅದರ ಮೇಲೆ ತಳ್ಳುವ ಮದ್ದು. ಒಂದು ಸೆಕೆಂಡು ತುಂಬುವುದರೊಳಗೆ ಅದು ಉರಿದು ಮುಗಿಯುತ್ತದೆ. ಅದರ ಮೇಲೆ ತಡೆದು ಉರಿಯುವ ಮದ್ದು. ಅದಕ್ಕೆ ತಳ್ಳುವ ಕೆಲಸವಿಲ್ಲ, ರಾಕೆಟ್ಟು ತನ್ನ ವೇಗದಲ್ಲೇ ಏರುತ್ತಿರುವಾಗ ಹೊಗೆಯ ಗೆರೆಯನ್ನೆಳೆಯುತ್ತಾ ಹೊತ್ತು ಕಳೆಯುವುದಷ್ಟೇ. ಕೊನೆಗೆ ಮೇಲ್ಮುಖವಾಗಿ ಸಿಡಿಯುವ ಒಂದು ಚಿಟಿಕೆ. ಅದು ತಲೆಯನ್ನು ಕಳಚಿ ಪ್ಯಾರಾಷೂಟನ್ನು ಹೊರಕ್ಕೆ ದೂಡುತ್ತದೆ. ಉರುಳೆಯ ಮೇಲೆ ‘ಎ 8-3’ ಎಂದು ಅಚ್ಚಾಗಿತ್ತು. ಅಕ್ಷರವು ಒಟ್ಟು ಶಕ್ತಿಯನ್ನೂ, ಎಂಟು ಸರಾಸರಿ ತಳ್ಳುವ ಬಲವನ್ನೂ, ಮೂರು ಕಾಯಬೇಕಾದ ಸೆಕೆಂಡುಗಳನ್ನೂ ತಿಳಿಸುತ್ತವೆ.

ಎಲ್ಲವೂ ಸಿದ್ಧವಾದ ಮೇಲೆ ಒಂದು ಪರೀಕ್ಷೆ. ಉರುಳೆಯನ್ನಿಟ್ಟ ರಾಕೆಟ್ಟು ಯಾವ ಸ್ಥಳದಲ್ಲಿ ತೂಗಿ ಸಮನಾಗಿ ನಿಲ್ಲುವುದೋ ಅಲ್ಲಿಗೆ ದಾರ ಕಟ್ಟಿ ತಲೆಯ ಮೇಲೆ ಬೀಸಿ ತಿರುಗಿಸಬೇಕು. ಮೂತಿ ಮುಂದಾಗಿ ಸುತ್ತಿದರೆ ಅದು ನೆಟ್ಟಗೆ ಹಾರುತ್ತದೆ. ತೂಕದ ಕೇಂದ್ರ ಮುಂದೆ, ಗಾಳಿಯ ಒತ್ತಡದ ಕೇಂದ್ರ ಹಿಂದೆ ಇರಬೇಕೆಂಬುದೇ ಇದರ ಗುಟ್ಟು. ಆಗ ಮೇಷ್ಟರಿಗೆ ತಮ್ಮ ಸೀಮೆಯ ಬಾಣಗಳು ನೆನಪಾದುವು. ಹೈದರನ ಮತ್ತು ಟಿಪ್ಪುವಿನ ಸೈನ್ಯದವರು ಮದ್ದು ತುಂಬಿದ ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರನ್ನು ಕಟ್ಟುತ್ತಿದ್ದುದೂ ಅದು ತಲೆ ತಿರುಗದೆ ಹೋಗಲೆಂದೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಂಥ ಬಾಣಗಳು ಇಂಗ್ಲೆಂಡಿನ ವೂಲಿಚ್ಚಿಗೆ ಹೋದುವು. ಕಾಂಗ್ರೀವನು ತನ್ನ ರಾಕೆಟ್ಟುಗಳಿಗೆ ಅವುಗಳಿಂದ ಪಾಠ ಕಲಿತನು. ಮೇಷ್ಟರ ಹಳ್ಳಿಗೆ ದೂರವಲ್ಲದ ನಗರದಲ್ಲಿ 2018ರಲ್ಲಿ ಒಂದು ಹಾಳುಬಾವಿಯನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಬಾಣಗಳು ಸಿಕ್ಕಿದುವು. “ಅವು ಹಾರಲೇ ಇಲ್ಲವೇ, ದೊಡ್ಡಪ್ಪ?” ಎಂದು ಹುಡುಗನು ಕೇಳಿದನು. “ಹಾರಲಿಲ್ಲ. ಹಾರಿದ್ದರೆ ತಿರುಗಿ ಬರುತ್ತಲೂ ಇರಲಿಲ್ಲ” ಎಂದರು ಮೇಷ್ಟರು.

ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಗಾಳಿಯೇಳುವ ಮುನ್ನ, ಮನೆಯವರೆಲ್ಲ ಶಾಲೆಯ ಆಟದ ಬಯಲಿಗೆ ಹೋದರು. ಮೂರಡಿಯ ಉಕ್ಕಿನ ಸರಳನ್ನು ನೆಟ್ಟು ಅದಕ್ಕೆ ರಾಕೆಟ್ಟನ್ನು ಪೋಣಿಸಿದ್ದಾಯಿತು. ಹದಿನೈದಡಿ ಸಾಕಾಗಿದ್ದರೂ ಮೇಷ್ಟರು ತಂತಿ ಎಳೆದಷ್ಟು ದೂರಕ್ಕೂ ಎಲ್ಲರನ್ನು ಹಿಂದೆ ನಿಲ್ಲಿಸಿದರು. ಹುಡುಗನು ಐದರಿಂದ ಎಣಿಸಿ ಗುಂಡಿಯನ್ನೊತ್ತಿದನು.

ಏನೂ ಆಗಲಿಲ್ಲ.

ಮತ್ತೆ ಒತ್ತಿದನು. ಆಗಲೂ ಇಲ್ಲ. “ತಂತಿ ಕಳಚಿರಬೇಕು” ಎಂದು ಹುಡುಗನು ಓಡಲು ಕಾಲೆತ್ತಿದನು. ಅಷ್ಟರಲ್ಲಿ ಅವನ ತೋಳನ್ನು ಮೂರು ಬೆರಳುಗಳು ಹಿಡಿದಿದ್ದುವು. ಹಿಡಿತವು ನೋಯುವಷ್ಟು ಬಿಗಿಯಾಗಿತ್ತು.

“ಮೊದಲು ಕೀಲಿ ತೆಗೆ. ಈಗ ಎಣಿಸು. ಕನ್ನಡದಲ್ಲಿ.”

ಹುಡುಗನು ಎಣಿಸಿದನು. ಮೂವತ್ತರ ತನಕ ಸರಾಗವಾಗಿ ಹೋಯಿತು, ಮೂವತ್ತೊಂಬತ್ತರಲ್ಲಿ ಎಡವಿದನು, ನಲವತ್ತನ್ನು ತಾಯಿ ಹೇಳಿಕೊಟ್ಟಳು. ಅರವತ್ತಾಯಿತು. ಮೇಷ್ಟರು ಕೈ ಬಿಡಲಿಲ್ಲ.

“ಇನ್ನೊಂದು ಅರವತ್ತು ನನ್ನ ಲೆಕ್ಕಕ್ಕಿರಲಿ” ಎಂದರು. ಆಮೇಲೆ ಆ ಎರಡನೆಯ ಅರವತ್ತರಲ್ಲಿ, ಕಣ್ಣನ್ನು ರಾಕೆಟ್ಟಿನ ಮೇಲಿಂದ ತೆಗೆಯದೆ, ಹೇಳಿದರು: ದೀಪಾವಳಿಯ ರಾತ್ರಿ, ತಾವೇ ತುಂಬಿದ್ದ ಬಾಣ, ಬತ್ತಿ ಒಳಗೆ ಹೋದದ್ದು ಕಂಡಿತು, ಸದ್ದಿಲ್ಲ, ಸುತ್ತಲಿನ ಹುಡುಗರು ನಕ್ಕರು, ನಗೆಗೆ ನಾಚಿ, ನೋಡೋಣವೆಂದು ಕೈಯಲ್ಲೆತ್ತಿಕೊಂಡರು. “ನಾನು ಆರನ್ನೂ ಎಣಿಸಿರಲಿಲ್ಲ, ಮಗು.”

ತಮ್ಮನು ಈ ಕಥೆಯ ಫಲವನ್ನು ಹುಟ್ಟಿದಂದಿನಿಂದ ಕಂಡಿದ್ದನು. ಕಥೆಯನ್ನು ಕೇಳಿದುದು ಆಗಲೇ ಮೊದಲು.

ಹತ್ತಿರ ಹೋಗಿ ನೋಡಿದರೆ ತಪ್ಪು ಕಟ್ಟಿದವರದೇ. ಹೊತ್ತಿಸುವ ಸಣ್ಣ ತಂತಿಯು ಮದ್ದಿಗೆ ತಾಗುವಷ್ಟು ಒಳಗೆ ಹೋಗಿರಲಿಲ್ಲ. ಬೇರೊಂದನ್ನು ಸರಿಯಾಗಿ ಕೂರಿಸಿ, ಮತ್ತೆ ದೂರಕ್ಕೆ ಬಂದು, ಮತ್ತೆ ಐದರಿಂದ ಎಣಿಸಿದರು. ಈ ಸಲ ಬುಸ್ಸೆಂಬ ಸದ್ದು ಕಿವಿಗೆ ಬೀಳುವುದರೊಳಗೆ ಸರಳು ಬರಿದಾಗಿತ್ತು. ಬಿಳಿಯ ಗೆರೆಯೊಂದು ಮೇಲಕ್ಕೆ ಹೋಗಿ ತೆಳುವಾಗಿ, ಬಾಗಿ, ನಿಂತಂತಾಯಿತು. ಒಂದು ಕ್ಷಣ ಯಾರಿಗೂ ಏನೂ ಕಾಣಲಿಲ್ಲ. ಆಮೇಲೆ ‘ಟಪ್’ ಎಂದು ಒಂದು ಸಣ್ಣ ಸದ್ದು; ಕೆಂಪು ಕೊಡೆಯೊಂದು ಬಿಚ್ಚಿಕೊಂಡಿತು. ಹುಡುಗನು ಕೂಗಿದನು. ಮೇಷ್ಟರು ಕೂಗಲಿಲ್ಲ, ಎರಡು ಕೈಯನ್ನೂ ಹುಬ್ಬಿನ ಮೇಲಿಟ್ಟು, ಅದು ತೂಗುತ್ತಾ ತೂಗುತ್ತಾ ಬೇಲಿಯಾಚೆ ಮೊಣಕಾಲೆತ್ತರದ ಜೋಳದ ಪೈರಿನಲ್ಲಿ ಇಳಿಯುವವರೆಗೂ ನೋಡುತ್ತಿದ್ದರು. ಸಿಡಿದುದು ತಿರುಗಿ ಬರುವುದನ್ನು ಆ ಕಣ್ಣು ಕಂಡುದು ಅದೇ ಮೊದಲು.

ಸಿಕ್ಕಾಗ ಒಂದು ರೆಕ್ಕೆಯ ಬುಡ ಬಿರಿದಿತ್ತು. ಸಂಜೆ ಅದಕ್ಕೆ ಅಂಟು ಹಚ್ಚಿ, ಹಾರಾಟಗಳ ಲೆಕ್ಕ ಬರೆಯುವ ಪುಸ್ತಕವೊಂದನ್ನು ಹುಡುಗನು ತೆರೆದನು. ಮೊದಲ ಪುಟವನ್ನು ದೊಡ್ಡಪ್ಪನೇ ಬರೆಯಬೇಕೆಂದು ಹಟ ಹಿಡಿದನು. ಮೇಷ್ಟರು ಪುಸ್ತಕವನ್ನು ಎಡಗೈಯಿಂದ ಒತ್ತಿ ಹಿಡಿದು, ಕರಿಹಲಗೆಯ ಮೇಲೆ ಬರೆಯುತ್ತಿದ್ದ ದುಂಡಕ್ಷರದಲ್ಲಿ ಹೀಗೆ ಬರೆದರು: “ಮೊದಲ ಸಲ ಹೊತ್ತಲಿಲ್ಲ. ನೂರಿಪ್ಪತ್ತು ಎಣಿಸಿದೆವು. ಎರಡನೆಯ ಸಲ ಹೋಗಿ ಬಂದಿತು.”