ಕತ್ತರಿಸಿ ಕೊಟ್ಟ ಮನೆತನ

18ನೇ ಶತಮಾನದ ರಷ್ಯಾದ ಕೆಲವು ಶ್ರೀಮಂತರು ಮದುವೆಯಾಚೆ ಹುಟ್ಟಿದ ಮಗನಿಗೆ ಮನೆತನದ ಹೆಸರನ್ನು ಪೂರ್ತಿ ಕೊಡುತ್ತಿರಲಿಲ್ಲ. ಹೆಸರಿನ ತಲೆ ಕತ್ತರಿಸಿ, ಉಳಿದ ತುಂಡು ಕೊಡುತ್ತಿದ್ದರು. ತ್ರುಬೆತ್ಸ್ಕೋಯ್ ಮಗ ಬೆತ್ಸ್ಕೋಯ್ ಆದ. ರೆಪ್ನಿನ್ ಮಗ ಪ್ನಿನ್. ಒಬ್ಬನಿಗೆಂದೇ ಹುಟ್ಟಿದ ಇಂಥ ಹೆಸರುಗಳು ಅಪರೂಪವಾಗದೆ ಇನ್ನೇನು?

ಬೆತ್ಸ್ಕೋಯ್ ದೊಡ್ಡ ಅಧಿಕಾರಿಯಾಗಿ, 1764ರಲ್ಲಿ ಮಾಸ್ಕೋದಲ್ಲಿ ತಬ್ಬಲಿ ಶಿಶುಗಳಿಗೊಂದು ಆಶ್ರಯಧಾಮ ತೆರೆದ. ಅವನ ಬಗ್ಗೆ ನನಗೆ ಗೌರವ ಹುಟ್ಟುವುದು ಇಲ್ಲೇ.

ಕವಿ ಇವಾನ್ ಪ್ನಿನ್ ಪಾಡು ಬೇರೆ. ತಂದೆ ಫೀಲ್ಡ್ ಮಾರ್ಷಲ್. ಮಗನಿಗೆ ಆಸ್ತಿಯಿಲ್ಲ, ಪೂರ್ತಿ ಹೆಸರೂ ಇಲ್ಲ. 1802ರಲ್ಲಿ ಆತ ತನ್ನಂಥ ಮಕ್ಕಳ ಪರವಾಗಿ ಚಕ್ರವರ್ತಿ ಒಂದನೇ ಅಲೆಕ್ಸಾಂಡರನಿಗೇ ಮೊರೆಯಿಟ್ಟು ಬರೆದ. 1805ರಲ್ಲಿ ಕ್ಷಯದಿಂದ ತೀರಿಕೊಂಡ. ಇಂದು ಪ್ನಿನ್ ಎಂದರೆ ಓದುಗರಿಗೆ ನೆನಪಾಗುವುದು ಲೇಖಕ ನಬೊಕೊವ್ ಅವರ ಅದೇ ಹೆಸರಿನ 1957ರ ಕಾದಂಬರಿ. ಆ ಮೊರೆಯನ್ನೂ ನೆನೆಯಬೇಕು.