ವಾರ್ಡಿಗೆ ಸೇರದ ಸೈಕಲ್ಲು

ಇಳಕಲ್ಲಿನ ನೇಕಾರರ ಓಣಿ, ಸಂಜೆ. ನೇಕಾರರೊಬ್ಬರು ಸೈಕಲ್ ಏರಿದ್ದಾರೆ. ಕ್ಯಾರಿಯರ್ ಮೇಲೆ ಸೀರೆಯ ಗಂಟು, ಅದನ್ನು ಹಳೇ ಟ್ಯೂಬಿನ ತುಂಡಿನಿಂದ ಎಳೆದು ಬಿಗಿದಿದ್ದಾರೆ. ಹ್ಯಾಂಡಲ್‌ಗೆ ನೂಲಿನ ಚೀಲ. ಚೈನ್ ಕವರ್ ಎಂದೋ ಹೋಗಿದೆ. ಪ್ಯಾಂಟು ಸಿಕ್ಕದಂತೆ ಬಲಗಾಲಿಗೆ ನೂಲಿನದೇ ಎಳೆಯೊಂದನ್ನು ಸುತ್ತಿಕೊಂಡಿದ್ದಾರೆ. ದಿನಗಟ್ಟಲೆ ಕುಣಿಮಗ್ಗದಲ್ಲಿ ಕೂತು ನೇಯ್ದದ್ದನ್ನು ಸಾವುಕಾರರ ಅಂಗಡಿಗೆ ಮುಟ್ಟಿಸಿ, ಬರುವಾಗ ನೂಲು ತರುವ ಹಾದಿ ಇದು. ಓಣಿ ಮುಗಿದು ಮುಖ್ಯರಸ್ತೆ ಸೇರುವಲ್ಲಿ ಗಟಾರದ ಹಾಸುಗಲ್ಲೊಂದು ಎದ್ದುಹೋಗಿದೆ. ಅಲ್ಲಿ ಇಳಿಯುತ್ತಾರೆ. ಗಂಟು ಜಾರದಂತೆ ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸೈಕಲ್ ಎತ್ತಿ ದಾಟಿಸುತ್ತಾರೆ. ಹಿಂದೆ ನಿಂತ ಮೋಟರ್‌ಸೈಕಲ್ ಹಾರ್ನ್ ಹಾಕುತ್ತದೆ.

ಕೆಂಪು ಗ್ರಾನೈಟನ್ನು ದೇಶದೇಶಕ್ಕೆ ಕಳಿಸುವ ಊರು. ಇಲ್ಲಿ ಒಂದು ಹಾಸುಗಲ್ಲಿಗೆ ಬರ ಬಂದಿರಲಾರದು. ಹಾಗಿದ್ದರೆ ಅದನ್ನು ಕೂಡಿಸಿ ಎಂದು ಯಾರು ಯಾರನ್ನು ಕೇಳಬೇಕಿತ್ತು? ಯಾಕೆ ಕೇಳಲಿಲ್ಲ?

•

ಕೇಳಬೇಕಾದದ್ದು ವಾರ್ಡಿನ ಮೆಂಬರನ್ನು. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಿತು. ಅದರೊಂದಿಗೆ ಬಂದ ಹನ್ನೆರಡನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ಬಾಬತ್ತುಗಳಿವೆ. ರಸ್ತೆ, ಸೇತುವೆ ಅದರಲ್ಲಿವೆ. ಬೀದಿದೀಪ, ವಾಹನ ನಿಲ್ಲಿಸುವ ಜಾಗ, ಬಸ್ ತಂಗುದಾಣ ಅದರಲ್ಲಿವೆ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ ಇನ್ನೂ ಖಡಕ್ಕಾಗಿದೆ. ಬೀದಿಗೆ ದೀಪ ಹಾಕುವುದು, ಬೀದಿಗೆ ಅಡ್ಡಿಯಾದದ್ದನ್ನು ತೆಗೆಸುವುದು ಮಾಡಲೇಬೇಕಾದ ಕೆಲಸಗಳು ಎನ್ನುತ್ತದೆ. ಬಾಗಲಕೋಟೆ ಮತ್ತು ಇಳಕಲ್ ನಗರಸಭೆ, ಬಾದಾಮಿ ಮತ್ತು ಹುನಗುಂದ ಪುರಸಭೆ, ಎಲ್ಲವೂ ನಡೆಯುವುದು ಈ ಕಾಯ್ದೆಯ ಮೇಲೆ. ಸೈಕಲ್ ತುಳಿಯುವವನಿಗೆ ಬೇಕಾದ ಬಹುಪಾಲು ಇದರೊಳಗೇ ಇದೆ. ಕಾನೂನಿನ ಕೊರತೆ ಅಂತೂ ಕಾಣಲಿಲ್ಲ.

•

ಹುನಗುಂದದ ಚಾದಂಗಡಿ. ಹಿಂದೊಮ್ಮೆ ಪುರಸಭೆಗೆ ನಿಂತು ಗೆದ್ದ ಹಿರಿಯರು. ಸೈಕಲ್ ವಿಚಾರ ಹಿಡಿದು ಯಾರಾದರೂ ಓಟು ಕೇಳಿದ್ದುಂಟೇ ಎಂದೆ.

“ನಳಾ ಕೇಳ್ತಾರ, ಗಟಾರ ಕೇಳ್ತಾರ, ಮನಿ ಉತಾರ ತಗಸಿಕೊಡ್ರಿ ಅಂತಾರ. ಸೈಕಲ್ ಅಂತ ಯಾರೂ ನನ್ನ ಬಾಗಲಕ್ಕ ಬಂದಿಲ್ರಿ.”

“ಗಟಾರದ ಕಲ್ಲು ಎದ್ದಿದ್ರ ಸೈಕಲ್‌ನವ್ರಿಗೂ ತ್ರಾಸ ಅಲ್ಲೇನ್ರಿ, ಯಜಮಾನ್ರ?”

“ತ್ರಾಸ ಹೌದ್ರಿ. ಆದ್ರ ಆ ಸೈಕಲ್‌ನಾಂವ ನಮ್ಮ ವಾರ್ಡಿನಾಂವ ಅಲ್ಲ. ಹಾದು ಹೋಗಾಂವ.”

ತಪ್ಪಿಸಿಕೊಳ್ಳಲು ಆಡಿದ ಮಾತಲ್ಲ ಇದು. ಕಂಡದ್ದನ್ನು ಹೇಳಿದರು. ಆ ಮೇಲೆ ನನಗೆ ಬೇರೆ ಏನೂ ಕೇಳಲು ತೋಚಲಿಲ್ಲ.

•

ಹಾದು ಹೋಗುವವರು ಯಾರು? ಬಾಗಲಕೋಟೆ, ಇಳಕಲ್, ಬಾದಾಮಿ, ಹುನಗುಂದ, ನಾಲ್ಕೂ ಊರುಗಳಲ್ಲಿ ನೋಡುತ್ತ ಬಂದೆ. ಹೈಸ್ಕೂಲಿನ ಹುಡುಗರು, ಹುಡುಗಿಯರು: ಹದಿನೆಂಟು ತುಂಬಿಲ್ಲ, ಓಟಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು, ಮೆಂತ್ಯೆ-ಪುಂಡಿಪಲ್ಲೆ ಹೇರಿಕೊಂಡು ಸುತ್ತಲಿನ ಹಳ್ಳಿಗಳಿಂದ ಬರುವವರು: ಓಟು ಇದೆ, ತಮ್ಮ ಗ್ರಾಮ ಪಂಚಾಯಿತಿಯಲ್ಲಿ. ಕ್ವಾರಿಗಳಿಗೆ ದುಡಿಯಲು ಬಂದವರು: ಓಟು ಹುಟ್ಟೂರಿನಲ್ಲಿ. ಉಳಿದದ್ದು ನೇಕಾರರು, ಗೌಂಡಿಗಳು, ಅಂಗಡಿಯ ಆಳುಗಳು. ಓಟಿನ ಯಾದಿಯಲ್ಲಿ ಅವರನ್ನು ಮಲಗುವ ಮನೆಯ ನಂಬರಿನ ಮೇಲೆ ಎಣಿಸಿದ್ದಾರೆ. ಅವರಿಗೆ ಅಪಾಯ ಇರುವುದು ಇನ್ನೊಬ್ಬ ಮೆಂಬರನ ವಾರ್ಡಿನಲ್ಲಿ. ಮನೆಯಿಂದ ಅಂಗಡಿಗೆ ಹೋಗುವಷ್ಟರಲ್ಲಿ ಎಷ್ಟೋ ವಾರ್ಡು ದಾಟುತ್ತಾರೆ, ಯಾವ ವಾರ್ಡಿಗೂ ಮತದಾರರಾಗಿ ಕಾಣುವುದಿಲ್ಲ.

ಜನಗಣತಿಯಲ್ಲೂ ಹೀಗೇ ಆಗಿದೆ. ಕೆಲಸಕ್ಕೆ ಯಾವುದರಲ್ಲಿ ಹೋಗುತ್ತೀರಿ ಎಂದು 2011ರಲ್ಲಿ ಕೇಳಿದರು. ಆದರೆ ಒಕ್ಕಲುತನದವರು, ಕೃಷಿ ಕೂಲಿಕಾರರು, ಮನೆಯಲ್ಲೇ ಕಸುಬು ಮಾಡುವವರು ಆ ಲೆಕ್ಕದಿಂದ ಹೊರಗುಳಿದರು. ಮನೆಯಲ್ಲೇ ಮಗ್ಗ ಹಾಕಿಕೊಂಡ ನೇಕಾರನಿಗೆ ಕೆಲಸದ ಪ್ರಯಾಣವೇ ಇಲ್ಲ ಎಂದು ಅದರರ್ಥ. ಗಟಾರದ ಮೇಲೆ ಸೈಕಲ್ ಎತ್ತಿ ದಾಟಿಸಿದವರು ಆ ಕೋಷ್ಟಕದಲ್ಲಿ ಸೈಕಲ್ ಸವಾರರಲ್ಲ.

•

ಬಾದಾಮಿ. ಶಾಲೆ ಬಿಡುವ ಹೊತ್ತು. 2006-07ರಲ್ಲಿ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತು, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ಕೋವಿಡ್ ಬಂದಾಗ ನಿಂತಿತು. ಆ ಸೈಕಲ್ಲುಗಳು ಇನ್ನೂ ಓಡುತ್ತಿವೆ. ಅಕ್ಕನಿಗೆ ಕೊಟ್ಟದ್ದನ್ನು ತಮ್ಮ ಒಳಪೆಡ್ಲು ಹೊಡೆದು ಕಲಿತ, ಅಕ್ಕ ಗಂಡನ ಮನೆಗೆ ಹೋದ ಮೇಲೆ ಅಪ್ಪ ಅದನ್ನೇ ಹೊಲಕ್ಕೆ ತುಳಿಯುತ್ತಾನೆ. ಮುಂದಿನ ಬುಟ್ಟಿಯ ತಂತಿ ಹರಿದಿದೆ, ಅದರಲ್ಲೀಗ ಕುಡುಗೋಲು, ನೀರಿನ ಬಾಟ್ಲಿ.

ಈ ಯೋಜನೆಯ ಬಗ್ಗೆ ನನಗೆ ದೊಡ್ಡ ಗೌರವವಿದೆ. ಹಳ್ಳಿಯ ಹೆಣ್ಣುಮಕ್ಕಳು ಗುಂಪಾಗಿ ಸೈಕಲ್ ತುಳಿದು ಹೈಸ್ಕೂಲಿಗೆ ಹೋದದ್ದನ್ನು ಕಣ್ಣಾರೆ ಕಂಡವರು ಅದರ ಬಗ್ಗೆ ಹಗುರವಾಗಿ ಮಾತಾಡಲಾರರು. ಆದರೂ ಒಂದು ತಿಳಿಯುತ್ತಿಲ್ಲ. ಸೈಕಲ್ ಕೊಟ್ಟದ್ದು ಶಿಕ್ಷಣ ಇಲಾಖೆ. ಅದು ಹೋಗುವ ಹಾದಿಯನ್ನು ಯಾವ ಇಲಾಖೆ ನೋಡಬೇಕು ಎಂದು ಯಾರೂ ಬರೆದಿಡಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತು, ಒಳ್ಳೆಯದಾಯಿತು. ಬಸ್ ಬಾರದ ಹಳ್ಳಿಯ ಹುಡುಗಿಗೆ ಮತ್ತೆ ಸೈಕಲ್ಲೇ ಗತಿ.

ಇದೇ ಬಾದಾಮಿ ಕೇಂದ್ರದ ‘ಹೃದಯ್’ ಯೋಜನೆಗೆ ಆಯ್ಕೆಯಾದ 12 ಪಾರಂಪರಿಕ ನಗರಗಳಲ್ಲೊಂದು. 2015ರಲ್ಲಿ ಶುರುವಾಗಿ 2019ಕ್ಕೆ ಮುಗಿದ ಯೋಜನೆ ಅದು. ರೈಲ್ವೆ ಸ್ಟೇಷನ್ನಿನಿಂದ ಊರಿಗೆ ಐದು ಕಿಲೋಮೀಟರ್, ಊರಿನಿಂದ ಬನಶಂಕರಿಗೆ ಹೆಚ್ಚುಕಡಿಮೆ ಅಷ್ಟೇ, ಪಟ್ಟದಕಲ್ಲಿಗೆ ಇಪ್ಪತ್ತರ ಮೇಲೆ. ಸೈಕಲ್ಲಿಗೆಂದೇ ಅಳೆದಿಟ್ಟಂಥ ದೂರಗಳು. ಗುಹೆ ನೋಡಲು ಬಂದ ಪರದೇಶದವರಿಗೆ ಇದು ಬೇಗ ತಿಳಿಯುತ್ತದೆ, ಬಾಡಿಗೆ ಸೈಕಲ್ ಸಿಗುತ್ತದೆಯೇ ಎಂದು ವಿಚಾರಿಸುತ್ತಾರೆ.

•

ಬಾಗಲಕೋಟೆ, ನಸುಕು. ರಸ್ತೆ ಬದಿಯಲ್ಲಿ ಸಾಲು ಹಿಡಿದು ಸೈಕಲ್ಲುಗಳು. ತೆಳ್ಳನೆ ಟೈರು, ಬಾಗಿದ ಹ್ಯಾಂಡಲ್, ಹೆಲ್ಮೆಟ್ ಹಾಕಿದ ಹುಡುಗ ಹುಡುಗಿಯರು. ವಿಜಯಪುರ, ಬಾಗಲಕೋಟೆ ಭಾಗ ದೇಶದ ಸೈಕ್ಲಿಂಗಿಗೆ ಕೊಟ್ಟಷ್ಟು ಮಕ್ಕಳನ್ನು ರಾಜ್ಯದ ಬೇರೆ ಯಾವ ಸೀಮೆಯೂ ಕೊಟ್ಟಿಲ್ಲವೆಂದೇ ನನ್ನ ತಿಳಿವಳಿಕೆ. ಇಲ್ಲಿ ಕ್ರೀಡಾ ವಸತಿನಿಲಯವಿದೆ, ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು ಇಡುತ್ತಾರೆ, ಗೆದ್ದವರಿಗೆ ರೊಕ್ಕ, ಢಾಲು. ಪದಕ ತಂದ ಮಕ್ಕಳನ್ನು ತೆರೆದ ಜೀಪಿನಲ್ಲಿ ಮೆರೆಸುತ್ತಾರೆ. ಆ ಮಕ್ಕಳು ಕಲಿಯುವುದು ಮಾತ್ರ ಟಿಪ್ಪರು, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ನಸುಕಿನಲ್ಲಿ ಹದಿನಾಲ್ಕರ ಹುಡುಗಿ ಹೋಗುತ್ತಿದ್ದರೆ ಎದೆ ಝಲ್ಲೆನ್ನುತ್ತದೆ. ಜೀಪಿನ ಮುಂದೆ ಕುಣಿದವರಲ್ಲಿ ಯಾರಾದರೊಬ್ಬರು ನಗರಸಭೆಗೆ ನಿಂತು ಈ ಮಕ್ಕಳ ಹಾದಿಯ ಮಾತೆತ್ತಿದ್ದರೆ, ಎಂದುಕೊಳ್ಳುತ್ತೇನೆ.

•

ಬಾಗಲಕೋಟೆಯ ನವನಗರ. ಆಲಮಟ್ಟಿಯ ಹಿನ್ನೀರಿಗೆ ಹಳೇ ಊರು ಮುಳುಗುತ್ತದೆಂದು ಕಟ್ಟಿದ ಊರು, ಯೋಜನೆ ಹಾಕಿದ್ದು ಚಾರ್ಲ್ಸ್ ಕೊರಿಯಾ. ಸೆಕ್ಟರು, ಅಗಲ ರಸ್ತೆ, ಬಯಲು. ಹಳೇ ಬಾಗಲಕೋಟೆಯ ಪೇಟೆ, ನಡುವೆ ವಿದ್ಯಾಗಿರಿಯ ಕಾಲೇಜುಗಳು, ಆಚೆ ನವನಗರದ ಕಚೇರಿಗಳು: ಒಂದು ಊರು ಮೂರಾಗಿ ಹರಡಿದೆ. ಮೂರನ್ನೂ ಕೂಡಿಸಲು ಸೈಕಲ್‌ಗಿಂತ ಹಗುರಾದ ಉಪಾಯವಿಲ್ಲ. ಆದರೆ ಈ ರಸ್ತೆ ಯಾರದು? ಕೆಲವು ನಗರಸಭೆಯವು, ಕೆಲವು ಪಟ್ಟಣ ಅಭಿವೃದ್ಧಿ ಪ್ರಾಧಿಕಾರದವು, ಕೆಲವು ಲೋಕೋಪಯೋಗಿಯವು. ಹುನಗುಂದ, ಇಳಕಲ್ಲಿನತ್ತ ಹೋದರೆ ರಾಷ್ಟ್ರೀಯ ಹೆದ್ದಾರಿ 50. ಅದರ ಕೀಲಿ ದಿಲ್ಲಿಯಲ್ಲಿ. ಸೈಕಲ್ಲಿನ ಮೇಲೆ ನಿಂತು ಗೆದ್ದ ಮೆಂಬರ್ ಮೊದಲ ವರ್ಷವೆಲ್ಲ ಯಾರಿಗೆ ಅರ್ಜಿ ಕೊಡಬೇಕೆಂದು ತಿಳಿಯುವುದರಲ್ಲೇ ಕಳೆದಾನು.

•

ಗೆದ್ದರೂ ಖುರ್ಚಿ ಸಿಗಬೇಕಲ್ಲ. 2018ರ ಆಗಸ್ಟ್ 31ಕ್ಕೆ ರಾಜ್ಯದ ನೂರಕ್ಕೂ ಹೆಚ್ಚು ನಗರ ಸಂಸ್ಥೆಗಳಿಗೆ ಮತದಾನವಾಯಿತು, ಬಾಗಲಕೋಟೆ ಜಿಲ್ಲೆಯಲ್ಲೂ. ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಕೋರ್ಟು ಹತ್ತಿ, ಸದಸ್ಯರು ಅಧಿಕಾರ ಹಿಡಿಯುವಷ್ಟರಲ್ಲಿ 2020 ಬಂದಿತ್ತು. ಅಧ್ಯಕ್ಷರ ಮೂವತ್ತು ತಿಂಗಳ ಮೊದಲ ಅವಧಿ ಮುಗಿದ ಮೇಲೂ ಹಾಗೇ. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟಿಗೆ. ನಡುನಡುವೆ ಆಡಳಿತಾಧಿಕಾರಿಗಳ ಕೈಯಲ್ಲಿ ಊರು. ಎಂಟನೇ ತರಗತಿಯಲ್ಲಿದ್ದ ಮಗು ಅಷ್ಟರಲ್ಲಿ ಕಾಲೇಜು ಮೆಟ್ಟಿಲು ಹತ್ತಿತ್ತು.

ಮೂರು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ ವಾರ್ಡ್ ಸಮಿತಿ ಇರಲೇಬೇಕೆಂದು ಸಂವಿಧಾನ ಹೇಳುವುದಿಲ್ಲ. 2011ರಲ್ಲಿ ಬಾಗಲಕೋಟೆಯ ಜನಸಂಖ್ಯೆ ಒಂದು ಲಕ್ಷದ ಮೇಲೆ ಅಷ್ಟೇ. ಹೀಗಾಗಿ ಮೆಂಬರನ ಮನೆ ಬಾಗಿಲು ಬಿಟ್ಟರೆ ಕೂತು ಮಾತಾಡುವ ಜಾಗವಿಲ್ಲ.

•

ಚುನಾವಣೆಯ ಚಿಹ್ನೆಯಾಗಿ ಸೈಕಲ್ ಕರ್ನಾಟಕದಲ್ಲಿ ಗೆದ್ದದ್ದುಂಟು. 2005ರಲ್ಲಿ ಶಿವಮೊಗ್ಗದಲ್ಲಿ ಬಂಗಾರಪ್ಪ, 2013ರಲ್ಲಿ ಚನ್ನಪಟ್ಟಣದಲ್ಲಿ ಯೋಗೇಶ್ವರ್, ಇಬ್ಬರೂ ಸಮಾಜವಾದಿ ಪಕ್ಷದಿಂದ. ತುಳಿಯುವ ಸೈಕಲ್ಲಿಗೂ ಆ ಗೆಲುವಿಗೂ ಸಂಬಂಧ ಹುಡುಕಿದೆ, ಸಿಗಲಿಲ್ಲ.

•

ಸೈಕಲ್ಲಿನ ಮಾತನ್ನೂ ಎತ್ತಿ ನಗರಸಭೆಗೆ ನಿಂತು ಗೆದ್ದವರು ಆಮ್‌ಸ್ಟರ್‌ಡ್ಯಾಮಿನ ‘ಪ್ರೊವೊ’ ಗುಂಪಿನವರು. 1965ರಲ್ಲಿ ಲೂಡ್ ಸ್ಖಿಮ್ಮೆಲ್‌ಪೆನ್ನಿಂಕ್ ಎಂಬ ತರುಣ, ಬಿಳಿ ಬಣ್ಣ ಬಳಿದ ಸೈಕಲ್ಲುಗಳನ್ನು ಊರಿನವರೆಲ್ಲ ಬಳಸಲಿ ಎಂಬ ಯೋಜನೆ ಮುಂದಿಟ್ಟ. 1966ರ ಚುನಾವಣೆಯಲ್ಲಿ ಆ ಗುಂಪಿಗೆ ಒಂದು ಸ್ಥಾನ ಬಂತು. ಮರುವರ್ಷ ಸಭೆಯ ಮುಂದೆ ಯೋಜನೆ ಹೋದಾಗ ಬಿದ್ದುಹೋಯಿತು. ಒಬ್ಬ ಮೆಂಬರನಿಂದ ಆದದ್ದು ಇಷ್ಟೇ.

ಆ ದೇಶದ ರಸ್ತೆಗಳನ್ನು ಬದಲಿಸಿದವರಲ್ಲಿ ತಾಯಂದಿರದು ದೊಡ್ಡ ಪಾಲು. 1971ರಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು ಸುಮಾರು 3,300, ಅವರಲ್ಲಿ ಮಕ್ಕಳೇ 400ಕ್ಕೂ ಹೆಚ್ಚು. ಮಕ್ಕಳ ಕೊಲೆ ನಿಲ್ಲಿಸಿ ಎಂಬ ಹೆಸರಿನಲ್ಲೇ ಚಳವಳಿ ಎದ್ದಿತು. ಓಟಿಲ್ಲದ ಮಕ್ಕಳ ಪರವಾಗಿ ಓಟಿರುವ ತಾಯಂದಿರು ರಸ್ತೆಗೆ ಕೂತರು.

ಇದನ್ನು ಬರೆಯುವಾಗ ನಮ್ಮ ನಗರಸಭೆಗಳ ಒಂದು ಸಂಗತಿ ಹೊಸದಾಗಿ ಹೊಳೆಯಿತು. ಇಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಅಂದರೆ ಸೈಕಲ್ ತುಳಿಯುವ ಮಕ್ಕಳ ತಾಯಂದಿರು ಈಗಾಗಲೇ ಸಭೆಯ ಒಳಗಿದ್ದಾರೆ, ಅಥವಾ ನಾಳೆ ಒಳಗೆ ಹೋಗಬಲ್ಲರು. ಹೊರಗೆ ಧರಣಿ ಕೂರುವ ಅಗತ್ಯವೂ ಇಲ್ಲ.

•

ಇಳಕಲ್ ಮತ್ತೆ. ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ದುಶ್ಚಟಗಳನ್ನು ಬೇಡಿದವರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಬಾಗಿಲಿಗೆ ಬಂದವರು ಏನೋ ಕೊಡುತ್ತಾರೆ, ಇಲ್ಲವೇ ಓಟು ಕೇಳುತ್ತಾರೆ ಎಂಬುದಷ್ಟೇ ಗೊತ್ತಿದ್ದ ಕಾಲದಲ್ಲಿ, ಇಲ್ಲಿನ ಜನ ಬೇರೆಯದೇ ಬೇಡಿಕೆಗೆ ಕಿವಿಗೊಟ್ಟಿದ್ದಾರೆ. ಸೈಕಲ್ಲಿನ ಮಾತಿಗೆ ಓಟು ಬೀಳದು ಎನ್ನುವವರನ್ನು ನಾನು ಪೂರ್ತಿ ಒಪ್ಪಲಾರದ್ದು ಇದಕ್ಕೇ.

•

ಬಾದಾಮಿಯ ಸ್ವಸಹಾಯ ಸಂಘವೊಂದರ ಅಕ್ಕೋರು, ಮುಂದಿನ ಸಲ ಪುರಸಭೆಗೆ ನಿಲ್ಲುವ ಮನಸ್ಸಿದೆ ಎಂದರು. ವಾರ್ಡು ಯಾವ ಮೀಸಲಾತಿಗೆ ಬರುತ್ತದೋ ಎಂಬ ಚಿಂತೆ. ಸೈಕಲ್ಲಿನ ವಿಚಾರ ಕೇಳಿದ್ದಕ್ಕೆ ತುಸು ಹೊತ್ತು ಸುಮ್ಮನಿದ್ದರು.

“ಬರೀ ನಮ್ಮ ವಾರ್ಡಿನಾಗ ಮಾಡಿದ್ರ ಉಪಯೋಗ ಇಲ್ರಿ. ಸಾಲಿ ಐತಲ್ಲ, ಅದರ ಸುತ್ತ ಐದು ವಾರ್ಡ್ ಬರ್ತಾವ. ಐದೂ ಕಡೆ ನಿಂತವ್ರು, ಯಾವ ಪಾರ್ಟಿನ ಇರಲಿ, ಸಾಲಿ ಹಾದಿಗೆ ದೀಪ ಹಚ್ಚಸ್ತೀವಿ, ಗಟಾರಕ್ಕ ಕಲ್ಲು ಮುಚ್ಚಸ್ತೀವಿ, ಗೇಟಿನ ಮುಂದ ಹಂಪ್ ಹಾಕಸ್ತೀವಿ ಅಂತ ಒಂದ ಹಾಳ್ಯಾಗ ಸಹಿ ಮಾಡ್ಲಿ. ಮಾಡ್ಲಿಲ್ಲಂದ್ರ ಯಾಕ ಮಾಡ್ಲಿಲ್ಲ ಅಂತ ನಮ್ಮ ಸಂಘದ ಹೆಣ್ಮಕ್ಕಳು ಮನಿ ಮನಿಗೆ ಹೋಗಿ ಕೇಳ್ತೀವಿ.”

ಐದು ವಾರ್ಡಿನ ನಂಬರುಗಳನ್ನು ಬಾಯಿಲೆಕ್ಕದಲ್ಲೇ ಹೇಳಿದರು. ಬರೆದುಕೊಂಡಿದ್ದೇನೆ. ಆ ಹಾಳೆಗೆ ಮೊದಲು ಸಹಿ ಹಾಕುವವರು ಯಾರೆಂದು ನೋಡಲು ಚುನಾವಣೆ ಘೋಷಣೆಯಾದ ಕೂಡಲೇ ಬಾದಾಮಿಗೆ ಹೋಗುವವನಿದ್ದೇನೆ.